ನೂರ ಎಪ್ಪತ್ತಾರು ಕೋಟಿಯ ಒಂದು ಉತ್ತರ

1766319049. ಕನ್ನಡದಲ್ಲಿ ಓದುವುದಾದರೆ ನೂರ ಎಪ್ಪತ್ತಾರು ಕೋಟಿ, ಅರವತ್ತಮೂರು ಲಕ್ಷ, ಹತ್ತೊಂಬತ್ತು ಸಾವಿರದ ನಲವತ್ತೊಂಬತ್ತು. ರಾಮಾನುಜನ್ ಅವರ 1729 ಎಲ್ಲರ ಬಾಯಲ್ಲಿದೆ. ಈ ಹತ್ತಂಕಿಯ ಸಂಖ್ಯೆಯ ಹೆಸರನ್ನು ಗಣಿತ ಓದಿದವರಲ್ಲೂ ಬಹಳ ಮಂದಿ ಕೇಳಿಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಒಂದು ಲೆಕ್ಕ ಕೊಟ್ಟರು, ಅದರ ಉತ್ತರವಾಗಿ ಬರುವ ಜೋಡಿಯಲ್ಲಿ ದೊಡ್ಡದು ಇದು. ಐನೂರು ವರ್ಷ ಕಳೆದ ಮೇಲೆ, ಭಾಸ್ಕರರ ಹೆಸರನ್ನೇ ಕೇಳಿರದ ಫ್ರಾನ್ಸಿನ ಪಿಯರ್ ದ ಫರ್ಮಾ ತಮ್ಮ ಕಾಲದ ಗಣಿತಜ್ಞರಿಗೆ ಒಡ್ಡಿದ ಸವಾಲಿನಲ್ಲೂ ಇದೇ ಲೆಕ್ಕವಿತ್ತು.

ಲೆಕ್ಕವನ್ನು ಏಳನೇ ತರಗತಿಯ ಮಗುವಿಗೂ ಹೇಳಬಹುದು. ಒಂದು ಪೂರ್ಣಸಂಖ್ಯೆ ತೆಗೆದುಕೊಳ್ಳಿ. ಅದರ ವರ್ಗವನ್ನು 61ರಿಂದ ಗುಣಿಸಿ, 1 ಕೂಡಿಸಿ. ಬಂದದ್ದು ಮತ್ತೊಂದು ಸಂಖ್ಯೆಯ ಪೂರ್ಣವರ್ಗ ಆಗಿರಬೇಕು. ಸೊನ್ನೆಯನ್ನು ಬಿಟ್ಟರೆ, ಇದಕ್ಕೆ ಒಪ್ಪುವ ಅತಿ ಚಿಕ್ಕ ಸಂಖ್ಯೆ ಯಾವುದು?

61ರ ಜಾಗದಲ್ಲಿ 60 ಇದ್ದರೆ ನಿಮಿಷದೊಳಗೆ ಮುಗಿಯುವ ಕೆಲಸ. 4ರ ವರ್ಗ 16. ಅದನ್ನು 60ರಿಂದ ಗುಣಿಸಿದರೆ 960. 1 ಕೂಡಿಸಿದರೆ 961, ಅದು 31ರ ವರ್ಗ. 62 ಇದ್ದರೂ ಕಷ್ಟವಿಲ್ಲ: 8ರ ವರ್ಗ 64, ಗುಣಿಸಿದರೆ 3968, 1 ಕೂಡಿಸಿದರೆ 3969, ಅದು 63ರ ವರ್ಗ. 63ಕ್ಕಂತೂ 1ನ್ನೇ ಹಾಕಿದರೆ ಸಾಕು, 64 ಬರುತ್ತದೆ. ಇವುಗಳ ನಡುವೆ ಕೂತಿರುವ 61ಕ್ಕೆ ಮಾತ್ರ ಮೊದಲ ಉತ್ತರ 226153980. ಇಪ್ಪತ್ತೆರಡು ಕೋಟಿ ಅರವತ್ತೊಂದು ಲಕ್ಷಕ್ಕೂ ಮಿಕ್ಕಿದ ಸಂಖ್ಯೆ. ಇದರ ವರ್ಗವನ್ನು 61ರಿಂದ ಗುಣಿಸಿದರೆ 3119882982860264400. 1 ಸೇರಿಸಿದರೆ 3119882982860264401, ಅದು 1766319049ರ ವರ್ಗ. ಇದಕ್ಕಿಂತ ಚಿಕ್ಕ ಉತ್ತರ ಇಲ್ಲ. ಒಂದು, ಎರಡು, ಮೂರು ಎಂದು ಸೆಕೆಂಡಿಗೊಂದರಂತೆ ಹಗಲು ರಾತ್ರಿ ಪರೀಕ್ಷಿಸುತ್ತ ಹೋದರೂ ಏಳು ವರ್ಷ ದಾಟುತ್ತದೆ. ಲಕ್ಷದವರೆಗೆ ನೋಡಿ ಕೈಬಿಟ್ಟವರು, ಕೋಟಿಯವರೆಗೆ ನೋಡಿ ಕೈಬಿಟ್ಟವರು ಇಬ್ಬರೂ ‘61ಕ್ಕೆ ಉತ್ತರವೇ ಇಲ್ಲ’ ಎಂದು ತೀರ್ಮಾನಿಸಿಬಿಡುತ್ತಿದ್ದರು.

ನೂರರೊಳಗೆ 61ರಷ್ಟು ಸತಾಯಿಸುವ ಸಂಖ್ಯೆ ಬೇರೆ ಇಲ್ಲ. ಅದರ ನಂತರದ್ದು 97. ಅಲ್ಲಿ ಬರುವ ದೊಡ್ಡ ಸಂಖ್ಯೆ 62809633, ಅಂದರೆ ಆರು ಕೋಟಿ ಚಿಲ್ಲರೆ. ನಮ್ಮ ಸಂಖ್ಯೆ ಅದರ ಇಪ್ಪತ್ತೆಂಟು ಪಟ್ಟು ದೊಡ್ಡದು. ಭಾಸ್ಕರರು ಉದಾಹರಣೆಯಾಗಿ ಆರಿಸಿಕೊಂಡದ್ದು 61 ಮತ್ತು 67ನ್ನು. 67ಕ್ಕೆ ಉತ್ತರ 48842 ಮತ್ತು 5967. ಅದೂ ಸುಲಭದ್ದಲ್ಲ, ಆದರೆ 61ರ ಮುಂದೆ ಏನೂ ಅಲ್ಲ. ಕಣ್ಣು ಮುಚ್ಚಿ 61ಕ್ಕೆ ಕೈಹಾಕಿದರು ಎಂದು ನಾನು ನಂಬಲಾರೆ. ನೂರರೊಳಗಿನ ಅತ್ಯಂತ ಗಟ್ಟಿ ಕಾಯಿ ಯಾವುದೆಂದು ಬಲ್ಲವರು ಮಾಡಿದ ಆಯ್ಕೆ ಇದು.

ಈ ಬಗೆಯ ಲೆಕ್ಕಕ್ಕೆ ನಮ್ಮವರು ಇಟ್ಟ ಹೆಸರು ವರ್ಗಪ್ರಕೃತಿ. ವರ್ಗವನ್ನು ಗುಣಿಸುವ 61 ‘ಪ್ರಕೃತಿ’. ಕೊನೆಗೆ ಕೂಡಿಸುವ ಅಥವಾ ಕಳೆಯುವ ಸಂಖ್ಯೆ ‘ಕ್ಷೇಪ’. ನಮಗೆ ಬೇಕಾದ ಕ್ಷೇಪ 1. ಅದು ಒಮ್ಮೆಲೇ ಕೈಗೆ ಸಿಗುವುದಿಲ್ಲ. ಹಾಗಾದರೆ ಬೇರೆ ಕ್ಷೇಪಗಳಿಂದ ಶುರು ಮಾಡಿ 1ಕ್ಕೆ ಬರಬಹುದೇ? ಬರಬಹುದು ಎಂದು ತೋರಿಸಿದವರು ಬ್ರಹ್ಮಗುಪ್ತರು. ಇಂದಿನ ರಾಜಸ್ಥಾನದ ಭೀನ್‌ಮಾಲ್ ಅವರ ಊರು; 628ರಲ್ಲಿ ಬರೆದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಅವರು ‘ಭಾವನಾ’ ಎಂಬ ನಿಯಮವನ್ನು ಕೊಟ್ಟರು. ಒಂದೇ ಪ್ರಕೃತಿಯ ಎರಡು ಉತ್ತರಗಳು, ಅವುಗಳ ಕ್ಷೇಪ ಏನೇ ಇರಲಿ, ನಿಮ್ಮ ಬಳಿ ಇದ್ದರೆ ಎರಡನ್ನೂ ಸೇರಿಸಿ ಮೂರನೆಯದನ್ನು ಹುಟ್ಟಿಸಬಹುದು. ಹೊಸ ಉತ್ತರದ ಕ್ಷೇಪ ಹಳೆಯ ಎರಡು ಕ್ಷೇಪಗಳ ಗುಣಲಬ್ಧ.

ಸಣ್ಣದರಲ್ಲಿ ನೋಡಿ. ಪ್ರಕೃತಿ 2 ಇರಲಿ. 3ರ ವರ್ಗ 9, 2ರ ವರ್ಗದ ಎರಡರಷ್ಟು 8, ವ್ಯತ್ಯಾಸ 1. ಈ 3 ಮತ್ತು 2ನ್ನು ಅವುಗಳ ಜೊತೆಗೇ ಸೇರಿಸುವುದು ಹೀಗೆ: ದೊಡ್ಡದು 3×3 + 2×2×2 = 17, ಚಿಕ್ಕದು 3×2 + 2×3 = 12. ಪರೀಕ್ಷಿಸಿ: 17ರ ವರ್ಗ 289, 12ರ ವರ್ಗದ ಎರಡರಷ್ಟು 288. ಮತ್ತೆ 1. ಒಂದು ಉತ್ತರ ಸಿಕ್ಕಿತೆಂದರೆ ಅನಂತ ಉತ್ತರಗಳು ಸಿಕ್ಕಂತೆ. ಇಂದು ಗಣಿತದ ಎಂ.ಎಸ್ಸಿ. ತರಗತಿಯಲ್ಲಿ ಬೀಜಗಣಿತೀಯ ಸಂಖ್ಯಾಸಿದ್ಧಾಂತ ಎಂದು ಕಲಿಸುವುದರ ಒಂದು ಮೂಲಭೂತ ವಿಚಾರ ಏಳನೇ ಶತಮಾನದ ಈ ನಿಯಮದಲ್ಲಿ ಪೂರ್ತಿಯಾಗಿ ಇದೆ. ಬ್ರಹ್ಮಗುಪ್ತರ ಸ್ವಂತ ಉದಾಹರಣೆ 92. ಅದರ ಉತ್ತರ 1151 ಮತ್ತು 120. ಇದನ್ನು ಒಂದು ವರ್ಷದೊಳಗೆ ಬಿಡಿಸಿದವನೇ ಗಣಿತಜ್ಞ ಎಂಬ ಅರ್ಥದ ಮಾತು ಅವರ ಗ್ರಂಥದಲ್ಲಿದೆ.

ಭಾವನಾ ಒಂದರಿಂದಲೇ ಎಲ್ಲ ಪ್ರಕೃತಿಗಳೂ ಬಗೆಹರಿಯುವುದಿಲ್ಲ. ಕ್ಷೇಪವನ್ನು ಹಿಡಿದು ಹಿಡಿದು ಇಳಿಸುತ್ತ ಹೋಗುವ ದಾರಿಯೊಂದು ಬೇಕಿತ್ತು. ಅದೇ ಚಕ್ರವಾಳ, ಚಕ್ರದಂತೆ ಮತ್ತೆ ಮತ್ತೆ ಅದೇ ಕ್ರಿಯೆಯನ್ನು ಮಾಡಿಸುವ ವಿಧಾನ. ಬಹುಕಾಲ ಇದರ ಶ್ರೇಯಸ್ಸು ಪೂರ್ತಿ ಭಾಸ್ಕರರಿಗೇ ಸಂದಿತ್ತು. ಉದಯದಿವಾಕರ ಎಂಬ ವ್ಯಾಖ್ಯಾನಕಾರರು 1073ರಲ್ಲಿ ಬರೆದ ‘ಸುಂದರಿ’ ಟೀಕೆಯಲ್ಲಿ ಜಯದೇವ ಎಂಬ ಗಣಿತಜ್ಞರ ಶ್ಲೋಕಗಳು ಉದ್ಧೃತವಾಗಿವೆ, ಚಕ್ರವಾಳ ಅವುಗಳಲ್ಲೇ ಇದೆ ಎಂದು ಕೃಪಾಶಂಕರ ಶುಕ್ಲ ಅವರು 1954ರಲ್ಲಿ ಬೆಳಕಿಗೆ ತಂದರು. ಜಯದೇವರ ಬಗ್ಗೆ ಉಳಿದಿರುವುದು ಆ ಶ್ಲೋಕಗಳಷ್ಟೇ. ಅಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ಇನ್ನೊಬ್ಬರ ಟೀಕೆಯೊಳಗೆ ಒಂಬತ್ತು ಶತಮಾನ ಅಡಗಿತ್ತು ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಈಗ ಭಾಸ್ಕರರ ಲೆಕ್ಕ. 61ಕ್ಕೆ ಹತ್ತಿರದ ವರ್ಗ 64. ಆದ್ದರಿಂದ 8 ಮತ್ತು 1ರಿಂದ ಶುರು: 8ರ ವರ್ಗದಲ್ಲಿ 61ನ್ನು ಕಳೆದರೆ ಕ್ಷೇಪ 3. ಈಗ ಒಂದು ಸಂಖ್ಯೆ ಹುಡುಕಬೇಕು. ಅದನ್ನು 8ಕ್ಕೆ ಕೂಡಿಸಿದರೆ ಮೊತ್ತ 3ರಿಂದ ಭಾಗವಾಗಬೇಕು, ಅದರ ವರ್ಗ 61ಕ್ಕೆ ಆದಷ್ಟು ಹತ್ತಿರ ಇರಬೇಕು. 1, 4, 7, 10 ಇವೆಲ್ಲ ಭಾಗಾಕಾರಕ್ಕೆ ಒಪ್ಪುತ್ತವೆ, ಹತ್ತಿರದ್ದು 7. ಇದರಿಂದ ಹೊಸ ಜೋಡಿ ಬರುತ್ತದೆ: 8×7 + 61 = 117, ಅದನ್ನು 3ರಿಂದ ಭಾಗಿಸಿದರೆ 39; 8 + 7 = 15, ಅದನ್ನು 3ರಿಂದ ಭಾಗಿಸಿದರೆ 5. 39ರ ವರ್ಗ 1521. 5ರ ವರ್ಗದ 61ರಷ್ಟು 1525. ಕ್ಷೇಪ ಋಣ 4.

ಒಂದೇ ಸುತ್ತಿಗೆ ಇಲ್ಲಿಗೆ ಬಂದೆವು. ಕ್ಷೇಪ 4 ಅಥವಾ ಋಣ 4 ಬಂದರೆ ಮುಂದೆ ಚಕ್ರ ತಿರುಗಿಸಬೇಕಿಲ್ಲ, ನೇರ ದಾರಿ ಇದೆ ಎಂದು ಬ್ರಹ್ಮಗುಪ್ತರು ಆಗಲೇ ಹೇಳಿಟ್ಟಿದ್ದರು. ಭಾಸ್ಕರರು ಅದನ್ನೇ ಬಳಸಿದರು. 39 ಮತ್ತು 5ನ್ನು ಅರ್ಧ ಮಾಡಿ. ಕ್ಷೇಪ ಋಣ 1 ಆಗುತ್ತದೆ, ಸಂಖ್ಯೆಗಳು ಭಿನ್ನರಾಶಿಗಳಾಗುತ್ತವೆ. ಅದನ್ನು ಅದರ ಜೊತೆಗೇ ಭಾವನಾ ಮಾಡಿದರೆ 1523ರ ಅರ್ಧ ಮತ್ತು 195ರ ಅರ್ಧ, ಕ್ಷೇಪ 1. ಇನ್ನೂ ಭಿನ್ನರಾಶಿ ಹೋಗಿಲ್ಲ. ಮೊದಲಿನದರೊಂದಿಗೆ ಇನ್ನೊಮ್ಮೆ ಸೇರಿಸಿದರೆ ಭಿನ್ನರಾಶಿ ಮಾಯ: 29718 ಮತ್ತು 3805, ಕ್ಷೇಪ ಋಣ 1. ಇದನ್ನು ಇದರ ಜೊತೆಗೇ ಸೇರಿಸಿದರೆ 1766319049 ಮತ್ತು 226153980. ಕ್ಷೇಪ 1. ಮುಗಿಯಿತು. ಏಳು ವರ್ಷದ ಹುಡುಕಾಟ ಒಂದು ಹಾಳೆಯ ಅರ್ಧದಲ್ಲಿ.

ಹೀಗೆ ಬಂದ ಸಂಖ್ಯೆಯನ್ನು ಬಿಚ್ಚಿ ನೋಡಿದರೆ, ಯಾವ ಲಕ್ಷಣವೂ ಇಲ್ಲದ ಅಂಕಿಗಳ ಸಾಲು ಎಂದು ಕಂಡಿದ್ದರ ಒಳಗೆ ಎಂಥ ಕಟ್ಟಡ ಇದೆ ಎಂದು ಗೊತ್ತಾಗುತ್ತದೆ. ಅದರಲ್ಲಿ 1 ಕಳೆಯಿರಿ: 1766319048. ಇದು 29718ರ ವರ್ಗದ ಎರಡರಷ್ಟು. 1 ಕೂಡಿಸಿ: 1766319050. ಇದು 3805ರ ವರ್ಗದ 122ರಷ್ಟು, ಅಂದರೆ 2×61ರಷ್ಟು. ಈ ಎರಡನ್ನೂ ಒಂದಕ್ಕೊಂದು ಗುಣಿಸಿದರೆ, ಅಂದರೆ ನಮ್ಮ ಸಂಖ್ಯೆಯ ವರ್ಗದಲ್ಲಿ 1 ಕಳೆದರೆ, 61ನ್ನು 2×29718×3805ರ ವರ್ಗದಿಂದ ಗುಣಿಸಿದಂತೆ ಆಗುತ್ತದೆ, ಮತ್ತು ಆ ಸಂಖ್ಯೆ ಬೇರೆ ಯಾವುದೂ ಅಲ್ಲ, 226153980. ಹತ್ತೊಂಬತ್ತು ಅಂಕಿಯ ಗುಣಾಕಾರ ಮಾಡದೆಯೇ ಉತ್ತರ ಸರಿ ಎಂದು ಸಾಧಿಸಿದಂತಾಯಿತು. ಮೊಬೈಲಿನ ಸಾಮಾನ್ಯ ಕ್ಯಾಲ್ಕುಲೇಟರ್ ಹತ್ತೊಂಬತ್ತು ಅಂಕಿಗಳನ್ನು ಪೂರ್ತಿ ತೋರಿಸದಿದ್ದರೂ ಈ ಪರೀಕ್ಷೆಗೆ ಅಡ್ಡಿಯಿಲ್ಲ.

ಇನ್ನೂ ಒಳಗೆ ಹೋಗಿ. 29718 ಅಂದರೆ 39×762. 3805 ಅಂದರೆ 5×761. ನಾವು ಹೊರಟ 39 ಮತ್ತು 5 ಅಲ್ಲೇ ಇವೆ, ಒಂದರ ಪಕ್ಕ ಒಂದು ಬರುವ 762 ಮತ್ತು 761ರಿಂದ ಗುಣಿತವಾಗಿ. ಆ ಎರಡನ್ನು ಕೂಡಿಸಿದರೆ 1523. ದಾರಿಯ ನಡುವೆ ಅರ್ಧವಾಗಿ ಸಿಕ್ಕ ಸಂಖ್ಯೆ ಅದೇ. ಆ 1523 ನಮ್ಮ ಹತ್ತಂಕಿಯ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ! ಪೂರ್ತಿ ಬಿಡಿಸಿದರೆ 1766319049 = 11×59×1523×1787, ನಾಲ್ಕೂ ಅವಿಭಾಜ್ಯಗಳು. 11ರಿಂದ ಭಾಗವಾಗುತ್ತದೆ ಎಂಬುದನ್ನು ಶಾಲೆಯಲ್ಲಿ ಕಲಿತ ಕ್ರಮದಲ್ಲೇ ನೋಡಬಹುದು: ಒಂದು ಬಿಟ್ಟು ಒಂದರಂತೆ ಅಂಕಿಗಳನ್ನು ಕೂಡಿಸಿದರೆ 1+6+3+9+4 = 23, ಉಳಿದವು 7+6+1+0+9 = 23. ಸಂಖ್ಯೆ ಎಷ್ಟು ದೊಡ್ಡದು ಎನ್ನುವುದು ಇಲ್ಲಿ ವಿಷಯವೇ ಅಲ್ಲ. ದೊಡ್ಡ ಸಂಖ್ಯೆ ಯಾರು ಬೇಕಾದರೂ ಬರೆಯಬಹುದು. ಇದರ ಒಂದೊಂದು ಭಾಗವೂ 39 ಮತ್ತು 5 ಎಂಬ ಪುಟ್ಟ ಜೋಡಿಯಿಂದ ಬಂದದ್ದು, ಯಾವುದೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಅದು.

ಒಂದು ಉಪಯೋಗವನ್ನೂ ಹೇಳಿಬಿಡುತ್ತೇನೆ. 1766319049ನ್ನು 226153980ರಿಂದ ಭಾಗಿಸಿದರೆ 61ರ ವರ್ಗಮೂಲ ಸಿಗುತ್ತದೆ, ದಶಮಾಂಶ ಬಿಂದುವಿನ ನಂತರ 17 ಸ್ಥಾನಗಳವರೆಗೆ ತಪ್ಪಿಲ್ಲದೆ.

ಫರ್ಮಾ ವಿಚಾರಕ್ಕೆ ಬರೋಣ. 1657ರ ಫೆಬ್ರವರಿಯಲ್ಲಿ ಅವರು ಗಣಿತಜ್ಞ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ ಈ ಲೆಕ್ಕ ಕೊಟ್ಟು, ತೀರಾ ಕಷ್ಟವಾಗದಿರಲೆಂದು ಎರಡು ಸಣ್ಣ ಸಂಖ್ಯೆಗಳನ್ನು ಹೆಸರಿಸಿದರು: 61 ಮತ್ತು 109. ಸಣ್ಣ ಸಂಖ್ಯೆಗಳೇ ನಿಜ. ಆದರೆ 109ರ ಉತ್ತರ 158070671986249 ಮತ್ತು 15140424455100. ಫರ್ಮಾಗೆ ತಾನು ಏನು ಕೇಳುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಇಂಗ್ಲೆಂಡಿನ ಬ್ರೌಂಕರ್ ಮತ್ತು ವಾಲಿಸ್ ಆ ಸವಾಲಿಗೆ ವಿಧಾನ ಕಂಡುಕೊಟ್ಟರು. ಪ್ರಕೃತಿ ತಾನೇ ಪೂರ್ಣವರ್ಗ ಅಲ್ಲದಿದ್ದರೆ ಉತ್ತರ ಯಾವಾಗಲೂ ಇದ್ದೇ ಇರುತ್ತದೆ ಎಂಬ ಸಾಧನೆಯನ್ನು ಯುರೋಪಿನಲ್ಲಿ ಕೊಟ್ಟವರು ಹದಿನೆಂಟನೇ ಶತಮಾನದ ಲಗ್ರಾಂಜ್. ಇವರಲ್ಲಿ ಯಾರಿಗೂ ಭಾರತದ ಕೆಲಸ ತಿಳಿದಿರಲಿಲ್ಲ. ಕೋಲ್‌ಬ್ರೂಕ್ ಅವರು ಬ್ರಹ್ಮಗುಪ್ತ ಮತ್ತು ಭಾಸ್ಕರರ ಗಣಿತವನ್ನು ಇಂಗ್ಲಿಷಿಗೆ ತಂದದ್ದು 1817ರಲ್ಲಿ. ಅದನ್ನು ಓದಿದ ಜರ್ಮನಿಯ ಹ್ಯಾಂಕೆಲ್, ಲಗ್ರಾಂಜ್‌ಗಿಂತ ಮೊದಲು ಸಂಖ್ಯಾಸಿದ್ಧಾಂತದಲ್ಲಿ ಆದ ಅತ್ಯುತ್ತಮ ಕೆಲಸ ಚಕ್ರವಾಳವೇ ಎಂದು ಮೆಚ್ಚಿ ಬರೆದರು.

ಇಷ್ಟಾದರೂ ಈ ಸಮೀಕರಣ ಇಂದಿಗೂ ಪುಸ್ತಕಗಳಲ್ಲಿ ‘ಪೆಲ್ ಸಮೀಕರಣ’. ಹದಿನೇಳನೇ ಶತಮಾನದ ಜಾನ್ ಪೆಲ್ ಇದನ್ನು ಬಿಡಿಸಿದವರಲ್ಲ. ಬ್ರೌಂಕರ್ ಕೆಲಸವನ್ನು ಮಹಾ ಗಣಿತಜ್ಞ ಆಯ್ಲರ್ ತಪ್ಪಾಗಿ ಪೆಲ್ ಹೆಸರಿಗೆ ಬರೆದರು, ಅದೇ ಉಳಿಯಿತು. ಆಯ್ಲರ್ ಅಂಥವರು ಬರೆದರೆ ತಪ್ಪಿಗೂ ಅಷ್ಟು ಆಯುಷ್ಯ. ವರ್ಗಪ್ರಕೃತಿ ಎಂಬ ಹೆಸರು ಅದಕ್ಕಿಂತ ಸಾವಿರ ವರ್ಷ ಹಳೆಯದು, ಲೆಕ್ಕದ ಸ್ವರೂಪವನ್ನೇ ಹೇಳುವಂಥದು. ಕನ್ನಡದಲ್ಲಿ ಬರೆಯುವಾಗಲಾದರೂ ನಾವು ಅದನ್ನೇ ಬಳಸಬೇಕು.

ಭಾಸ್ಕರರು ಎಲ್ಲಿಯವರು? ಸಹ್ಯಾದ್ರಿಯ ಬಳಿಯ ‘ವಿಜ್ಜಡವಿಡ’ ತಮ್ಮ ಊರು ಎಂದು ಅವರೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರ ಎನ್ನುವವರಿದ್ದಾರೆ. ಮಹಾರಾಷ್ಟ್ರದ ಚಾಳೀಸ್‌ಗಾಂವ್ ಬಳಿಯ ಪಾಟಣದಲ್ಲಿ ಅವರ ಮೊಮ್ಮಗ ಚಂಗದೇವನ ಶಾಸನ ಇರುವುದರಿಂದ ಆ ಕಡೆಯದೇ ಎನ್ನುವವರೂ ಇದ್ದಾರೆ. ಈ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಚಕ್ರವಾಳಕ್ಕೂ ಕರ್ನಾಟಕಕ್ಕೂ ಜಗಳವೇ ಇಲ್ಲದ, ಹೆಚ್ಚು ಗಟ್ಟಿಯಾದ ಒಂದು ನಂಟು ಇದೆ; ಅದನ್ನು ನಾವು ಮರೆತಿದ್ದೇವೆ.

ಚಕ್ರವಾಳ ಪ್ರತಿಸಲವೂ 1ಕ್ಕೆ ಬಂದು ನಿಲ್ಲುತ್ತದೆ ಎಂದು ಭಾಸ್ಕರರು ಹೇಳಿದರು, ಮಾಡಿ ತೋರಿಸಿದರು. ಯಾಕೆ ನಿಲ್ಲಲೇಬೇಕು ಎಂಬ ಸಾಧನೆ ಅವರ ಗ್ರಂಥದಲ್ಲಿ ಇಲ್ಲ. ಆ ಸಾಧನೆಯನ್ನು ಬರೆದವರು ಮೈಸೂರಿನ ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್. 1892ರಲ್ಲಿ ಹುಟ್ಟಿದ ಅವರು 1918ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗಣಿತ ವಿಭಾಗ ಸೇರಿ 1947ರಲ್ಲಿ ನಿವೃತ್ತರಾದರು. 1930ರ ಆಸುಪಾಸಿನಲ್ಲಿ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಬರಹ, ಚಕ್ರವಾಳ ಯುರೋಪಿನ ವಿತತ ಭಿನ್ನರಾಶಿಯ (ಭಿನ್ನರಾಶಿಯೊಳಗೆ ಭಿನ್ನರಾಶಿ ಬರುವ) ವಿಧಾನದ ಇನ್ನೊಂದು ರೂಪವಲ್ಲ, ಅದಕ್ಕೆ ಅದರದೇ ಆದ ಚೊಕ್ಕ ನಿಯಮಗಳಿವೆ ಎಂದು ತೋರಿಸಿತು. ಆ ಯುರೋಪಿನ ದಾರಿಯಲ್ಲಿ 61ಕ್ಕೆ ಹನ್ನೊಂದು ಹೆಜ್ಜೆಯ ಸುತ್ತು ಎರಡು ಸಲ ಬರಬೇಕು, ಒಟ್ಟು 22; ಭಾಸ್ಕರರಿಗೆ ಚಕ್ರದ ಒಂದು ಸುತ್ತು, ಆಮೇಲೆ ಮೂರು ಸಲ ಭಾವನಾ ಸಾಕಾಗಿತ್ತು. ಕೃಷ್ಣಸ್ವಾಮಿ ಅಯ್ಯಂಗಾರರ ಮಗ ಎ.ಕೆ. ರಾಮಾನುಜನ್ ಅವರ ಹೆಸರು ಕನ್ನಡ ಓದುಗರಿಗೆ ಹೇಳಬೇಕಾಗಿಲ್ಲ. ಮಗನ ಕವಿತೆ ಓದಿದ ನಮಗೆ ತಂದೆಯ ಪ್ರಮೇಯ ಗೊತ್ತಿಲ್ಲದಿರುವುದು ಸರಿಯಲ್ಲ.

ಎಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: 60ಕ್ಕೆ 31 ಸಾಕು, 61ಕ್ಕೆ ನೂರ ಎಪ್ಪತ್ತಾರು ಕೋಟಿ ಯಾಕೆ? ಪ್ರಕೃತಿಯನ್ನು ನೋಡಿದೊಡನೆ ಉತ್ತರ ಎಷ್ಟು ದೊಡ್ಡದಿರುತ್ತದೆ ಎಂದು ಹೇಳಿಬಿಡುವ ಸರಳ ಸೂತ್ರ ಇಂದಿಗೂ ಯಾರ ಬಳಿಯೂ ಇಲ್ಲ. ಆರ್ಕಿಮಿಡೀಸ್ ಹೆಸರಿನಲ್ಲಿ ಬಂದಿರುವ ದನಗಳ ಲೆಕ್ಕ ಕೊನೆಗೆ ಇಂಥದೇ ಒಂದು ವರ್ಗಪ್ರಕೃತಿಗೆ ಬಂದು ಮುಟ್ಟುತ್ತದೆ. ಅದರ ಉತ್ತರದಲ್ಲಿ 206545 ಅಂಕಿಗಳಿವೆ, ಪೂರ್ತಿ ಲೆಕ್ಕ ಹಾಕಲು 1965ರ ಕಂಪ್ಯೂಟರ್ ಬೇಕಾಯಿತು. 2002ರಲ್ಲಿ ಶಾನ್ ಹಾಲ್‌ಗ್ರೆನ್ ಎಂಬ ವಿಜ್ಞಾನಿ ಇದೇ ಸಮೀಕರಣವನ್ನು ಕ್ವಾಂಟಂ ಕಂಪ್ಯೂಟರ್ ವೇಗವಾಗಿ ಬಿಡಿಸಬಲ್ಲದು ಎಂದು ತೋರಿಸಿದರು. ಬ್ರಹ್ಮಗುಪ್ತರು ಎತ್ತಿದ ಲೆಕ್ಕ ಇನ್ನೂ ಹಳತಾಗಿಲ್ಲ.

ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರಲ್ಲಿ ನನ್ನದೊಂದು ವಿನಂತಿ. ಭಾವನಾ ನಿಯಮಕ್ಕೆ ಹತ್ತನೇ ತರಗತಿಯ ಬೀಜಗಣಿತಕ್ಕಿಂತ ಹೆಚ್ಚಿನದೇನೂ ಬೇಡ. 61ರಿಂದ ಶುರು ಮಾಡಬೇಡಿ, 13 ಕೊಡಿ. 3ರ ವರ್ಗದಲ್ಲಿ 13 ಕಳೆದರೆ ಋಣ 4. ಅಂದರೆ ಭಾಸ್ಕರರು ತಲುಪಿದ ಕ್ಷೇಪವೇ ಇಲ್ಲಿ ಮೊದಲ ಹೆಜ್ಜೆಯಲ್ಲಿ ಸಿಗುತ್ತದೆ. ಅರ್ಧ ಮಾಡಿ, ಮೇಲೆ ಹೇಳಿದ ಕ್ರಮದಲ್ಲೇ ಸೇರಿಸುತ್ತ ಹೋದರೆ ಮೊದಲು 18 ಮತ್ತು 5, ಆಮೇಲೆ 649 ಮತ್ತು 180 ಬರುತ್ತವೆ. ಮಕ್ಕಳು 649ರ ವರ್ಗ 421201 ಎಂದು ತಾವೇ ಗುಣಿಸಿ, 180ರ ವರ್ಗದ ಹದಿಮೂರರಷ್ಟು 421200 ಎಂದು ತಾವೇ ನೋಡಲಿ. ಅದಕ್ಕೆ ಒಂದು ತರಗತಿಯ ಅವಧಿ ಸಾಕು. ಮರುದಿನ 61 ಕೊಡಿ.